ಸತ್ತವರ ಸಾಲಿನಲ್ಲಿ ಲಮಾರಾ

ಜುಂಬರನಿಗೆ ಬಂದ ಪ್ರಶಸ್ತಿಯ ಔತಣಕ್ಕೆ ಲಮಾರಾ ತನ್ನ ನೀಲಿ ಉಡುಪು ಹಾಕಿಕೊಂಡು ಹೊರಟಳು. ಆಪರೇಷನ್ನಿಗೆ ಮುಂಚೆ ಹೊಲಿಸಿದ್ದು ಅದು. ಈಗ ಮೈಮೇಲೆ ಇನ್ನೊಬ್ಬರದನ್ನು ಕಡ ತಂದ ಹಾಗೆ ಜೋಲುತ್ತಿತ್ತು. ಜೋತರೆ ಜೋಲಲಿ ಎಂದು ಅದನ್ನೇ ಹಾಕಿದಳು, ಏಕೆಂದರೆ ಇವತ್ತು ನಾಲ್ಕು ಜನರ ಮುಂದೆ ಅವಳ ಹೆಸರನ್ನೂ ಹೇಳುವವರಿದ್ದರು.

ಹಾಗೆಂದು ಜುಂಬರನೇ ಹೇಳಿದ್ದ. "ಪ್ರಶಸ್ತಿಗೆ ಒಂದೇ ಹೆಸರು ಹಾಕಿದಾರೆ, ಅದೇನೋ ಅವರ ಪದ್ಧತಿಯಂತೆ. ಆದ್ರೆ ಹೊಸ ಲ್ಯಾಬಿಗೆ ಕೊಡ್ತಾರಲ್ಲ ಅನುದಾನ, ಅದು ಇಬ್ಬರ ಹೆಸರಲ್ಲೇ ಬರತ್ತೆ. ಹಾಲೆಂಡಿಂದ ಆಯ್ಕೆ ಸಮಿತಿಯ ಹೆಂಗಸು ಬರ್ತಿದಾಳೆ. ಅವಳ ಬಾಯಿಂದಲೇ ಕೇಳ್ತೀಯಂತೆ ಬಿಡು."

ಲಮಾರಾ ನಂಬಿದಳು. ಮೂವತ್ತು ವರ್ಷ ಒಂದೇ ಮೇಜಿನ ಎರಡು ಪಕ್ಕದಲ್ಲಿ ಕೂತು ದುಡಿದವನನ್ನು ನಂಬದೆ ಬೀದಿಯಲ್ಲಿ ಹೋಗುವವನನ್ನು ನಂಬಲಾದೀತೇ?

ಅವರದು ಫೇಜ್‌ಗಳ ಕೆಲಸ. ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾವನ್ನು ಹುಡುಕಿಕೊಂಡು ಹೋಗಿ ತಿನ್ನುವ ವೈರಸ್ಸುಗಳಿಗೆ ಹಾಗೆನ್ನುತ್ತಾರೆ. ಅವು ಸಿಗುವುದು ಹೊಲಸಿನಲ್ಲಿ. ತಮ್ಮೂರು ಟಿಬಿಲಿಸಿಯ ಆಸ್ಪತ್ರೆಗಳ ಕೊಳಚೆ ನದಿಗೆ ಬೀಳುವ ಕಡೆಯಲ್ಲೆಲ್ಲ ಲಮಾರಾ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಬಿಟ್ಟವಳು. ಸುಟ್ಟಗಾಯದ ಮಕ್ಕಳನ್ನು ಉಳಿಸುವ, ಈಗ ಪ್ರಶಸ್ತಿ ತಂದ ಫೇಜ್ ಸಿಕ್ಕಿದ್ದೂ ಹಾಗೆಯೇ. ದೇಶ ಒಡೆದು ಕರೆಂಟೇ ಇಲ್ಲದ ಚಳಿಗಾಲಗಳು ಅವು. ಲ್ಯಾಬಿನಲ್ಲಿ ಕಾವು ಕೊಡುವ ಪೆಟ್ಟಿಗೆ ಸತ್ತುಬಿದ್ದಿತ್ತು. ಗಾಜಿನ ಕೊಳವೆಗಳನ್ನು ಬಟ್ಟೆಯಲ್ಲಿ ಸುತ್ತಿ ಸ್ವೆಟರಿನೊಳಗೆ ಮೈಗೆ ಕಟ್ಟಿಕೊಂಡು ಅವಳು ಮಲಗುತ್ತಿದ್ದಳು. ಕೋಳಿ ಮೊಟ್ಟೆಗೆ ಕೂತ ಹಾಗೆ ಕೂತಿದ್ದೀಯಲ್ಲೇ ಎಂದು ಜುಂಬರ್ ನಗುತ್ತಿದ್ದ.

ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಇಂಗ್ಲಿಷನ್ನು ಓದುವುದು ಅವಳು, ಆಡುವುದು ಅವನು. ಪತ್ರಿಕೆಗಳಲ್ಲಿ ಓದಿ ಓದಿ ಭಾಷೆ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು, ನಿಧಾನವಾಗಿ ಆಡಿದರೆ ಕಿವಿಗೂ ಹಿಡಿಯುತ್ತಿತ್ತು. ಬಾಯಿಗೆ ಮಾತ್ರ ಬರದು. ಹಾಗಾಗಿ ಹೊರದೇಶದ ಸಭೆಗಳಿಗೆ ಅವನೇ ಹೋದ, ಸಮಿತಿಗಳ ಮುಂದೆ ಅವನೇ ಕೂತ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಬಾಯನ್ನು ಲಮಾರಾ ಕೈಯಾರೆ ಅವನಿಗೆ ಒಪ್ಪಿಸಿದ್ದಳು.

ಜುಂಬರನ ಮನೆಯ ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ, ಉದ್ದ ಮೇಜು ಹಾಕಿದ್ದರು. ಅಕ್ರೋಟಿನ ಗೊಜ್ಜಿನಲ್ಲಿ ಮುಳುಗಿದ ಕೋಳಿ, ಚೀಸ್ ತುಂಬಿದ ಬಿಸಿ ರೊಟ್ಟಿ, ಮಣ್ಣಿನ ಹೂಜಿಗಳಲ್ಲಿ ಮನೆಯ ವೈನ್. ಮೇಜಿನ ಯಜಮಾನಿಕೆ ಜುಂಬರನ ಅಣ್ಣ ಬೊಂದೋನದು. ಹೀಗೆ ಔತಣ ನಡೆಸುವ ತಮಾದಾ ಎಂದರೆ ತಮಾಷೆಯಲ್ಲ. ಯಾರ ಹೆಸರಿಗೆ, ಯಾವಾಗ ಗ್ಲಾಸು ಎತ್ತಬೇಕೆಂದು ಅವನೇ ಹೇಳಬೇಕು, ಅವನು ಹೇಳದೆ ಯಾರೂ ಗುಟುಕು ಕುಡಿಯುವಂತಿಲ್ಲ.

ಹಾಲೆಂಡಿನ ಹೆಂಗಸಿನ ಹೆಸರು ಮರೈಕೆ. ನರೆತ ತಲೆ, ಮಗುವಿನಂಥ ಮುಖ. ಜುಂಬರ್ ಅವಳಿಗೆ ಬಂದವರನ್ನೆಲ್ಲ ಪರಿಚಯಿಸುತ್ತ ಲಮಾರಾಳ ಹತ್ತಿರ ಬಂದಾಗ ಇಂಗ್ಲಿಷಿನಲ್ಲಿ, "ಇವರು ನಮ್ಮ ನೆರೆಮನೆಯವರು, ತುಂಬಾ ಬೇಕಾದವರು," ಎಂದ. ಹೆಸರು ಹೇಳಲಿಲ್ಲ. ಲಮಾರಾಳಿಗೆ ವಿಚಿತ್ರವೆನಿಸಿತು. ಗಡಿಬಿಡಿಯಲ್ಲಿ ಏನೋ ಅಂದ, ಆಮೇಲೆ ಸರಿಯಾಗಿ ಹೇಳಿಯಾನು ಎಂದು ನಕ್ಕು ಕೈಕುಲುಕಿದಳು.

ದೇವರಿಗೆ, ಶಾಂತಿಗೆ, ಪ್ರಶಸ್ತಿ ಪಡೆದ ತಮ್ಮನಿಗೆ ಎಂದು ಗ್ಲಾಸುಗಳು ಏರಿ ಇಳಿದವು. ಆಮೇಲೆ ಬೊಂದೋ ದನಿ ತಗ್ಗಿಸಿ ಎದ್ದು ನಿಂತ. ಈಗಿನದು ಅಗಲಿದವರ ಹೆಸರಿನ ಗ್ಲಾಸು. ರೊಟ್ಟಿಯ ಚೂರಿನ ಮೇಲೆ ವೈನಿನ ಹನಿ ಬಿಟ್ಟು, ಸತ್ತವರನ್ನು ನೆನೆದು, ತಳ ಕಾಣುವವರೆಗೆ ಕುಡಿಯಬೇಕು. ತಮಾದಾ ಆಡಿದ ಮಾತನ್ನು ಮುಂದುವರಿಸಲು ಇನ್ನೊಬ್ಬರಿಗೆ ಒಪ್ಪಿಸಬಹುದು. ಅದಕ್ಕೆ ಅಲವೆರ್ದಿ ಎನ್ನುತ್ತಾರೆ. ಒಪ್ಪಿಸಿಕೊಂಡವರು ಆಡುವಾಗ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮರೈಕೆ ಇದನ್ನೆಲ್ಲ ಕೇಳಿ ತಿಳಿದುಕೊಂಡೇ ಬಂದಿದ್ದಳು. "ಅಲವೆರ್ದಿ ನನಗೆ," ಎಂದು ಕೈ ಎತ್ತಿದಳು. ಮೇಜಿಗೆ ಮೇಜೇ ಮೆಚ್ಚಿ ತಲೆದೂಗಿತು.

"ನಾನು ಎಂದೂ ನೋಡದ ಒಬ್ಬರಿಗಾಗಿ ಕುಡಿಯುತ್ತೇನೆ," ಎಂದು ಅವಳು ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. "ಲಮಾರಾಗಾಗಿ."

ಲಮಾರಾಳ ಎದೆ ತುಂಬಿ ಬಂತು. ಕೊನೆಗೂ ಹೇಳಿದರು.

"ಆ ಫೇಜನ್ನು ತನ್ನ ಮೈಯ ಕಾವಿನಲ್ಲಿ ಬೆಳೆಸಿ, ಈ ದಿನವನ್ನು ನೋಡದೆ ತೀರಿಹೋದ ಲಮಾರಾಗಾಗಿ. ಅವರ ಕೊನೆಯ ದಿನಗಳ ಬಗ್ಗೆ ಜುಂಬರ್ ಹೇಳಿದಾಗ ನಮ್ಮ ಸಮಿತಿಯಲ್ಲಿ ಕಣ್ಣು ಒದ್ದೆಯಾಗದವರಿರಲಿಲ್ಲ."

ತಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಲಮಾರಾ ಜುಂಬರನ ಮುಖ ನೋಡಿದಳು. ಅವನು ರೊಟ್ಟಿಯ ಚೂರನ್ನೇ ನೋಡುತ್ತಿದ್ದ. ತಪ್ಪು ಕೇಳಿಸಿರಲಿಲ್ಲ.

"ಏನಂದ್ರಪ್ಪಾ?" ಎಂದ ಬೊಂದೋ.

"ನಮ್ಮ ಸಂಸ್ಥೆಯ ಹಿರಿಯರಿಗೆಲ್ಲ, ಹೋದವರಿಗೆಲ್ಲ ಅಂತಾರೆ," ಎಂದ ಜುಂಬರ್.

"ಲಮಾರಾ ಹೆಸರು ಕೇಳಿಸ್ತಲ್ಲೋ."

"ಅಂಥವರ ಕೈಲಿ ಕಲಿತ ಲಮಾರಾ ಪುಣ್ಯವಂತೆ ಅಂದ್ರು."

"ಒಳ್ಳೇ ಹೆಂಗಸು," ಎಂದು ಬೊಂದೋ ಹನಿ ಬಿಟ್ಟ. ಎಲ್ಲರೂ ಬಿಟ್ಟರು. ಜುಂಬರನೂ ಬಿಟ್ಟ. ಎದುರಿಗೆ ಕೂತ ಲಮಾರಾಳ ಹೆಸರಿಗೆ ಎಳ್ಳುನೀರು ಬಿಟ್ಟು, ಗ್ಲಾಸನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ. ಆ ಗಂಟಲಿನಿಂದ ವೈನ್ ಇಳಿದದ್ದಾದರೂ ಹೇಗೋ!

ಲಮಾರಾ ಎದ್ದು ಅಡುಗೆಮನೆಗೆ ಹೋದಳು. ಜುಂಬರನ ಹೆಂಡತಿ ಇಜೋ ರೊಟ್ಟಿ ಕತ್ತರಿಸುತ್ತಿದ್ದಳು. ಬೆನ್ನ ಹಿಂದೆಯೇ ಜುಂಬರ್ ಬಂದು ಬಾಗಿಲು ಹಾಕಿದ.

"ಕೂಗಾಡಬೇಡ ಕಣೇ. ಮೊದಲು ಕೇಳು."

"ನಾನೆಲ್ಲಿ ಕೂಗಾಡಿದೆ? ಸತ್ತವರು ಕೂಗ್ತಾರಾ?"

"ಸಮಿತಿ ಮುಂದೆ ನಾನು ವಿಡಿಯೋದಲ್ಲಿ ಕೂತಾಗ ನೀನು ಆಸ್ಪತ್ರೇಲಿದ್ದೆ. ಡಾಕ್ಟ್ರು ಆಸೆ ಬಿಟ್ಟಿದ್ರು, ನಿನಗೂ ಗೊತ್ತು. ಜೊತೆಯವರು ಯಾರಾದ್ರೂ ಇದಾರಾ ಅಂತ ಕೇಳಿದ್ರು. ಇದ್ದಳು, ಹೋದಳು ಅಂದುಬಿಟ್ಟೆ. ಇವತ್ತಲ್ಲ ನಾಳೆ ಆಗೋ ಮಾತು ಅಂತ..."

"ನಾನು ಎದ್ದು ಬಂದೆನಲ್ಲ ಜುಂಬರ್."

"ಬಂದೆ. ದೇವರು ದೊಡ್ಡವನು. ಅಷ್ಟರಲ್ಲಿ ಅವರು ಅತ್ತು ಆಗಿತ್ತು. ಹೇಗೆ ಹೇಳಲಿ, ಕ್ಷಮಿಸಿ, ಅವಳು ಸತ್ತಿಲ್ಲ ಅಂತ? ಇವತ್ತು ಅವಳ ಮಾತು ತಿರುಗಿಸಿ ಹೇಳೋನು ನಾನೇ ಅಲ್ವಾ, ನಿನ್ನ ಹೆಸರೂ ಸೇರಿಸಿಬಿಡ್ತೀನಿ, ನಿನಗೆ ತಿಳಿಯಲ್ಲ ಅಂದ್ಕೊಂಡಿದ್ದೆ."

ಲಮಾರಾಳಿಗೆ ಆಸ್ಪತ್ರೆಯ ದಿನಗಳು ನೆನಪಾದವು. ದಿನಾ ಸಂಜೆ ಸೂಪಿನ ಡಬ್ಬಿ ಹಿಡಿದು ಬರುತ್ತಿದ್ದವನು ಇವನೇ. ತಲೆದಿಂಬು ಸರಿಮಾಡಿ, ಚಮಚದಲ್ಲಿ ಕುಡಿಸಿ, ನೀನಿಲ್ಲದೆ ಲ್ಯಾಬು ಭಣಗುಡುತ್ತಿದೆ ಬೇಗ ಏಳು ಎನ್ನುತ್ತಿದ್ದವನೂ ಇವನೇ. ಅದೇ ಬಾಯಲ್ಲಿ ಹಗಲು ಹೊತ್ತು ಅವಳನ್ನು ಹೂತು ಬಂದಿದ್ದ. ಹೆಸರು ಕದ್ದದ್ದಕ್ಕಿಂತ ಆ ಸೂಪು ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿತು. ಅದನ್ನು ಕುಡಿದು, ಅವನ ಕೈ ಹಿಡಿದುಕೊಂಡು ಅತ್ತಿದ್ದಳಲ್ಲ, ಅದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಹೊಟ್ಟೆಗೆ ಏನಾದ್ರೂ ಹಾಕ್ಕೋ ಲಮಾರಾ, ಬೆಳಗಿಂದ ಏನೂ ತಿಂದಿರಲ್ಲ ನೀನು," ಎಂದು ಇಜೋ ತಟ್ಟೆ ಮುಂದಿಟ್ಟಳು. ಅವಳ ಮುಖದಲ್ಲಿ ಬೇಸರವಿತ್ತು, ಆಶ್ಚರ್ಯವಿರಲಿಲ್ಲ.

"ನಿನಗೂ ಗೊತ್ತಿತ್ತೇನೇ ಇಜೋ?"

ಇಜೋ ಚಾಕು ಒರೆಸತೊಡಗಿದಳು. ಸಾಕಲ್ಲ, ಅದೇ ಉತ್ತರ.

ಜುಂಬರ್ ಹತ್ತಿರ ಬಂದು ದನಿ ಇಳಿಸಿದ. "ಈಗ ನೀನು ಬಾಯಿ ಬಿಟ್ಟರೆ ಪ್ರಶಸ್ತಿ ವಾಪಸ್ಸು, ಅನುದಾನ ವಾಪಸ್ಸು. ಲ್ಯಾಬಿಗೆ ಬೀಗ. ನಾವು ಬೆಳೆಸಿದ ಹುಡುಗೀರೆಲ್ಲ ಬೀದಿಗೆ. ನಿನ್ನ ಫೇಜು ಕೊಳವೇಲಿ ಕೊಳೆಯತ್ತೆ. ಅದು ಬೇಕಾ ನಿನಗೆ? ಇವತ್ತೊಂದು ದಿನ ತಡಕೋ, ತಾಯಿ. ಆಮೇಲೆ ನಾನೇ ಸರಿಮಾಡ್ತೀನಿ."

"ಏನು ಸರಿಮಾಡ್ತೀಯ? ಗೋರಿಯಿಂದ ಎಬ್ಬಿಸ್ತೀಯಾ?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲವೆಂಬುದೇ ಅವಳಿಗೆ ಸಂಕಟ. ಬಾಯಿ ಬಿಟ್ಟರೆ ಲ್ಯಾಬು ಸಾಯುತ್ತದೆ, ಬಿಡದಿದ್ದರೆ ತಾನು ಸತ್ತೇ ಇರಬೇಕಾಗುತ್ತದೆ. ಬಾಗಿಲು ತೆಗೆದು ಮೇಜಿನ ಕಡೆ ನಡೆಯುವಾಗ ತಾನೇನು ಮಾಡುವೆನೆಂದು ಅವಳಿಗೂ ಗೊತ್ತಿರಲಿಲ್ಲ. ಹುಡುಗಿಯರ ಮುಖ ಕಣ್ಣೆದುರು ಬಂದಾಗ, ಹೋಗಲಿ ಬಿಡು, ನುಂಗಿಕೋ ಎಂದೂ ಅನ್ನಿಸಿತು.

ಖಾಲಿಯಾಗಿದ್ದ ಪಕ್ಕದ ಕುರ್ಚಿಗೆ ಮರೈಕೆ ಬಂದು ಕೂತಳು. ಜುಂಬರ್ ಅವಳ ಬೆನ್ನಿಗೇ ಅಂಟಿಕೊಂಡು ನಿಂತ. "ನಿಮ್ಮ ಹೆಸರು ಕೇಳುವುದೇ ಮರೆತೆ," ಎಂದಳು ಮರೈಕೆ.

ಅಷ್ಟು ಇಂಗ್ಲಿಷಿಗೆ ಯಾರ ಬಾಯಿಯೂ ಬೇಕಿರಲಿಲ್ಲ. "ಲಮಾರಾ," ಎಂದಳು.

ಮರೈಕೆಯ ಹುಬ್ಬು ಮೇಲೇರಿತು. ಜುಂಬರ್ ತಕ್ಷಣ, "ನಮ್ಮಲ್ಲಿ ಈ ಹೆಸರು ಮನೆಗೊಂದು," ಎಂದು ನಕ್ಕ.

"ಹಾಗಾದರೆ ಆ ಲಮಾರಾ ನಿಮಗೆ ಗೊತ್ತಿತ್ತೇ?"

ಲಮಾರಾ ಜುಂಬರನ ಕಡೆ ತಿರುಗಿದಳು. ತಮ್ಮ ಭಾಷೆಯಲ್ಲಿ, ಮೇಜಿನವರಿಗೆ ಕೇಳಿಸದ ಹಾಗೆ, "ನೀನೇ ಹೇಳು," ಎಂದಳು. "ಇಷ್ಟು ವರ್ಷ ನನ್ನ ಬಾಯಿ ನೀನೇ ಅಲ್ವಾ? ಆ ಲಮಾರಾ ನಾನೇ ಅನ್ನು. ಅಷ್ಟು ಅಂದ್ರೆ ಸಾಕು. ಮಿಕ್ಕಿದ್ದೆಲ್ಲ ನಾನು ಮರೀತೀನಿ. ನಿನ್ನ ಪರವಾಗಿ ಅವರ ಕಾಲೂ ಹಿಡೀತೀನಿ, ಲ್ಯಾಬು ಉಳಿಸಿ ಅಂತ."

ಅವಳು ಮನಸ್ಸಿನಲ್ಲಿದ್ದುದನ್ನೇ ಆಡಿದ್ದಳು. ಅವನು ಆ ಒಂದು ಮಾತು ಹೇಳಿದ್ದರೆ ಮರೆತೂ ಬಿಡುತ್ತಿದ್ದಳು, ಅವಳ ಸ್ವಭಾವವೇ ಅಂಥದು. ಜುಂಬರನ ಕಣ್ಣು ಒದ್ದೆಯಾಯಿತು. ತುಟಿ ಒರೆಸಿಕೊಂಡು ಅವನು ಮರೈಕೆಗೆ ಹೇಳಿದ:

"ದೂರದಿಂದ ನೋಡಿದ್ದರಂತೆ, ಅಷ್ಟೇ."

ಲಮಾರಾಳೊಳಗೆ ಅವನಿಗಾಗಿ ಇನ್ನೂ ಉಳಿದಿದ್ದ ಜಾಗವೊಂದು ಆಗ ಖಾಲಿಯಾಯಿತು. ಸಿಟ್ಟೂ ಬರಲಿಲ್ಲ. ಇವನು ಯಾರೋ, ಇವನ ಮನೆಗೆ ತಾನೇಕೆ ಬಂದೆನೋ ಎನ್ನಿಸಿತು.

"ಬೊಂದಣ್ಣಾ, ಅಲವೆರ್ದಿ ನನಗೆ," ಎಂದು ಗ್ಲಾಸು ಹಿಡಿದು ಎದ್ದಳು.

ಬೊಂದೋ ತಲೆ ಬಾಗಿಸಿ ಒಪ್ಪಿಸಿದ. ಲಮಾರಾ ಮರೈಕೆಯ ಕಡೆ ತಿರುಗಿ, ಇಷ್ಟು ವರ್ಷ ಕಣ್ಣಿನಲ್ಲೇ ಉಳಿದಿದ್ದ ಭಾಷೆಯಿಂದ ಒಂದೊಂದೇ ಪದ ಹೆಕ್ಕಿ ಬಾಯಿಗೆ ತಂದುಕೊಂಡಳು.

"ನಾನು ಅವಳೇ. ಸತ್ತಿಲ್ಲ. ಇವನು ಸುಳ್ಳು ಹೇಳಿದ."

ಮರೈಕೆಯ ಮುಖದ ಬಣ್ಣ ಇಳಿಯಿತು. ಅವಳು ಜುಂಬರನನ್ನು ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ವೈನಿನ ಕಲೆಯ ರೊಟ್ಟಿಯನ್ನು ನೋಡಿದಳು. ಕೆಳಗಿನ ತುದಿಯಲ್ಲಿ ಲ್ಯಾಬಿನ ಹುಡುಗಿಯರು ಇಬ್ಬರು ಇಂಗ್ಲಿಷ್ ತಿಳಿದವರಿದ್ದರು, ಮರೈಕೆಯ ಮಾತು ಕೇಳಿದಾಗಿನಿಂದ ತಟ್ಟೆಯಿಂದ ತಲೆ ಎತ್ತದವರು. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ತಮ್ಮ ಕೆಲಸ ಹೋಯಿತೆಂದು ಅವರಿಗಾಗಲೇ ಗೊತ್ತಾಗಿತ್ತು. ಲಮಾರಾಳಿಗೂ ಗೊತ್ತಿತ್ತು. ಗೆದ್ದೆನೆಂದು ಅವಳಿಗೆ ಒಂದಿಷ್ಟೂ ಅನ್ನಿಸಲಿಲ್ಲ.

"ಏನಂದಳೋ ಲಮಾರಾ?" ಎಂದು ಬೊಂದೋ ತಮ್ಮನನ್ನು ಕೇಳಿದ.

ಜುಂಬರ್ ಅವಳ ಕಡೆ ನೋಡಿದ, ಕೈ ಮುಗಿಯುವವನ ಹಾಗೆ.

"ಹೇಳು ಜುಂಬರ್," ಎಂದಳು ಲಮಾರಾ. "ಅಲವೆರ್ದಿ ನಿನಗೆ."