ಅಂಗೈಯಲ್ಲೊಂದು ಸೂಜಿಮೊನೆಯಷ್ಟು ಚುಕ್ಕೆ

ಟ್ರಾಲಿಗೆ ಗೊಬ್ಬರ ತುಂಬುವಾಗ ಮೈಯಲ್ಲಿ ಹುರುಪಿರುತ್ತದೆ. ಹೊಲದವರೆಗೆ ಎಳೆದು ತರಲು ಟ್ರಾಕ್ಟರ್ ಇರುತ್ತದೆ. ಇಳಿಸುವಾಗ ಮಾತ್ರ ಉಳಿಯುವುದು ಒಂದು ಸಲಿಕೆ ಮತ್ತು ಎರಡು ಭುಜ. ಊರಾಚೆಯ ಆ ಸಣ್ಣ ಮನೆಯಲ್ಲಿ ಆ ಭುಜಗಳು ಹೆಂಡತಿಯವು. ಈ ವರ್ಷ ಅವಳಿಗೆ ತಲೆ ಬಾಚಿಕೊಳ್ಳಲೂ ಬಲಗೈ ಮೇಲೇಳದಂತಾಗಿತ್ತು.

ಅವಳ ಗಂಡ ಕೊಳಾಯಿ ರಿಪೇರಿಯವನು. ಬಿಡುವಿದ್ದಾಗ ಹೊಲದ ಕೆಲಸ. ಊರವರು ಅವನನ್ನು ಅಂಗೈಯಣ್ಣ ಎಂದೇ ಕರೆಯುತ್ತಿದ್ದರು. ಪೈಪು ಎಲ್ಲಿ ಸೋರುತ್ತಿದೆ ಎಂದು ಬೇರೆಯವರು ಗೋಡೆ ಒಡೆದು ಹುಡುಕುತ್ತಿದ್ದರು. ಇವನು ಕಣ್ಣು ಮುಚ್ಚಿ ಗೋಡೆಯ ಮೇಲೆ ಅಂಗೈ ಸರಿಸುತ್ತಾ ಹೋಗಿ ಒಂದು ಕಡೆ ನಿಲ್ಲುತ್ತಿದ್ದ. "ಇಲ್ಲಿ ತಣ್ಣಗಿದೆ ನೋಡಿ, ಇಲ್ಲೇ ಒಡೀರಿ" ಎನ್ನುತ್ತಿದ್ದ. ಒಡೆದರೆ ನೀರು ಅಲ್ಲೇ ಇರುತ್ತಿತ್ತು. ಆ ಅಂಗೈಗೆ ಕಿವಿಯಿದೆ, ಗೋಡೆಯೊಳಗಿನ ನೀರು ಅದಕ್ಕೆ ಗುಟ್ಟು ಹೇಳುತ್ತದೆ ಎಂದು ಹೆಂಡತಿ ನಗುತ್ತಿದ್ದಳು.

ಅವರದು ಗಿಡದ ಸಾಲುಗಳ ನಡುವೆ ನುಸುಳಿ ಹೋಗುವಂಥ ಪುಟ್ಟ ಟ್ರಾಕ್ಟರ್. ಹಿಂದುಗಡೆ ನೇಗಿಲು ಎತ್ತಿ ಇಳಿಸುವ ತೋಳುಗಳಿದ್ದವು, ಅಷ್ಟೇ. ದೊಡ್ಡ ಟ್ರಾಕ್ಟರಿನ ಬೆನ್ನಿಗೆ ಎಣ್ಣೆಯ ಹೋಸ್ ಸಿಕ್ಕಿಸುವ ಬಾಯಿಗಳಿರುತ್ತವೆ. ಅಲ್ಲಿಂದ ಟ್ರಾಲಿಯ ಕೆಳಗಿನ ಜಾಕಿಗೆ ಎಣ್ಣೆ ನುಗ್ಗುತ್ತದೆ, ಟ್ರಾಲಿ ತಾನೇ ಮೇಲೆದ್ದು ಗೊಬ್ಬರ ಸುರಿಯುತ್ತದೆ. ಪುಟ್ಟ ಟ್ರಾಕ್ಟರಿಗೆ ಆ ಭಾಗ್ಯವಿರಲಿಲ್ಲ.

"ಇಲ್ಲದಿದ್ರೆ ಏನಂತೆ, ಕೂರಿಸಿದ್ರಾಯ್ತು" ಎಂದ ಅಂಗೈಯಣ್ಣ. "ಈ ಸಲ ನಿನ್ನ ಕೈಗೆ ಸಲಿಕೆ ಕೊಡೋ ಮಾತೇ ಇಲ್ಲ."

ಜಾಕಿಯಿರುವ ಹಳೆಯ ಟ್ರಾಲಿಯೊಂದನ್ನು ತಂದ. ಎಣ್ಣೆಯನ್ನು ಬಿಡುವ, ತಡೆಯುವ ಎರಡು ಹಿಡಿಯ ವಾಲ್ವ್ ತಂದ. ಹೋಸುಗಳನ್ನು ಪಟ್ಟಣದ ಹೋಸಕ್ಕನ ಅಂಗಡಿಯಲ್ಲಿ ಮಾಡಿಸಿದ. ಒತ್ತಡದ ಎಣ್ಣೆ ಹರಿಯುವ ಹೈಡ್ರಾಲಿಕ್ ಹೋಸುಗಳನ್ನು ಕತ್ತರಿಸಿ, ತುದಿಗೆ ಕಬ್ಬಿಣದ ಬಾಯಿ ಒತ್ತಿ ಕೂರಿಸಿ ಕೊಡುವ ಆ ಹೆಂಗಸಿನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ.

"ಟ್ರಾಕ್ಟರ್ ಇಲ್ಲಿಗೇ ತಾ ತಮ್ಮಾ. ಕೂರಿಸಿ, ಒತ್ತಡ ನೋಡಿ ಕೊಡ್ತೀನಿ" ಎಂದಿದ್ದಳು ಅವಳು.

"ಬಿಡಕ್ಕ! ನೀರಾದ್ರೇನು, ಎಣ್ಣೆಯಾದ್ರೇನು, ಪೈಪಲ್ಲಿ ತಾನೇ ಹರಿಯೋದು? ಇಪ್ಪತ್ತು ವರ್ಷದಿಂದ ಮಾಡ್ತಿರೋದು ಅದೇ ಕೆಲಸ" ಎಂದು ನಕ್ಕು ಬಂದಿದ್ದ.

ಮೂರು ದಿನ ಟ್ರಾಕ್ಟರಿನ ಕೆಳಗೇ ಮಲಗಿ ಎಲ್ಲವನ್ನೂ ಕೂರಿಸಿದ. ನಾಲ್ಕನೆಯ ಬೆಳಗ್ಗೆ ಹಿಡಿ ಎಳೆದ. ಟ್ರಾಲಿ ನರಳಿತು, ನಡುಗಿತು, ನಿದ್ದೆಯಿಂದೆದ್ದ ಆನೆಯ ಹಾಗೆ ಮೆಲ್ಲಗೆ ಮುಂಭಾಗ ಎತ್ತಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಅರ್ಧಕ್ಕೆ ಬಂದದ್ದು ಅಲ್ಲೇ ನಿಂತು, ಸ್ವಲ್ಪಸ್ವಲ್ಪವೇ ಕೆಳಗೆ ಜಾರತೊಡಗಿತು. ಸೀಟಿನ ಹಿಂದೆ ಮಂಜಿನಂಥದ್ದೇನೋ ತೇಲುತ್ತಿತ್ತು.

"ಎಲ್ಲೋ ಸೋರ್ತಿದೆ ಕಣೇ. ಹಿಡಿ ಒತ್ತಿ ಹಿಡ್ಕೋ, ನೋಡ್ತೀನಿ."

ಎಂಜಿನ್ ಓಡುತ್ತಿತ್ತು. ಹೋಸು ಬಿಗಿದು ಕಲ್ಲಿನಂತಾಗಿತ್ತು. ಅಂಗೈಯಣ್ಣ ಅಭ್ಯಾಸದಂತೆ ಕಣ್ಣು ಮುಚ್ಚಿ, ಅದರುದ್ದಕ್ಕೂ ಬಲಗೈ ಸರಿಸಿದ. ಕಬ್ಬಿಣದ ಪಟ್ಟಿಯ ಚೂಪು ಅಂಚಿಗೆ ಹೋಸು ಉಜ್ಜುತ್ತಿದ್ದ ಜಾಗ ಬಂತು.

"ಸ್ಸ್!"

"ಏನಾಯ್ತು ರೀ?"

"ಏನಿಲ್ಲ. ಇರುವೆ ಕಚ್ಚಿದ ಹಾಗಾಯ್ತು."

ತೋರುಬೆರಳಿನ ಬುಡದಲ್ಲಿ ಒಂದು ಚುಕ್ಕೆ. ರಕ್ತವಿಲ್ಲ. ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ. ಟ್ರಾಲಿ ಇಳಿಸಿ, ಎಂಜಿನ್ ನಿಲ್ಲಿಸಿ, ಹೋಸು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. "ಹೋಗಿ ಹೋಸಕ್ಕನ ಹತ್ರ ಇದೇ ಅಳತೆದು ಇನ್ನೊಂದು ಮಾಡಿಸ್ಕೊಂಡು ಬಾ. ಮಧ್ಯಾಹ್ನದೊಳಗೆ ಗೊಬ್ಬರ ಇಳಿಸಿಬಿಡೋಣ."

ಅವಳು ಸ್ಕೂಟರ್ ಹತ್ತಿದಳು. ಗೇಟಿನ ಹತ್ತಿರ ಯಾಕೋ ತಿರುಗಿ ನೋಡಿದಳು. ಗಂಡ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ. ಅವಳು ನೋಡಿದ್ದು ಕಂಡು ಬೇಗ ಬಿಟ್ಟುಬಿಟ್ಟ.

ದಾರಿಯುದ್ದಕ್ಕೂ ಅದೇ ಕಣ್ಣಿಗೆ ಕಟ್ಟಿತ್ತು.

ಹೋಸಕ್ಕನ ಅಂಗಡಿಯ ಗೋಡೆ ತುಂಬಾ ಕಪ್ಪು ಹೋಸುಗಳು ಸುರುಳಿ ಸುತ್ತಿಕೊಂಡು ನೇತಾಡುತ್ತಿದ್ದವು, ಉಂಡು ಮಲಗಿದ ಹಾವುಗಳ ಹಾಗೆ. ಮುಂದೆ ಒಬ್ಬ ಲಾರಿ ಡ್ರೈವರ್ ನಿಂತಿದ್ದ. ಒಡೆದ ಹೋಸು ಕೈಗೆ ಬಂದರೆ ಹೋಸಕ್ಕ ಮೊದಲು ಅಳತೆ ಕೇಳುತ್ತಿರಲಿಲ್ಲ. ಅವಳು ಕೇಳುತ್ತಿದ್ದುದು ಬೇರೆ.

"ಸೋರಿಕೆ ಹೇಗೆ ಹುಡುಕ್ದೆ?"

"ರಟ್ಟು ಹಿಡಿದು, ಅದು ಎಲ್ಲಿ ಒದ್ದೆಯಾಗುತ್ತೆ ನೋಡಿ, ಅಕ್ಕ. ನಿಮ್ಮ ಪರೀಕ್ಷೆಲಿ ಪಾಸಾಗ್ದೆ ಇಲ್ಲಿ ಹೋಸ್ ಸಿಗುತ್ತಾ?" ಎಂದ ಡ್ರೈವರ್.

"ಪಾಸು. ಕೂತ್ಕೋ." ಹೋಸಕ್ಕ ಇತ್ತ ತಿರುಗಿದಳು. "ನಿಮ್ಮನೆಯವರು ಹೇಗೆ ಹುಡುಕಿದ್ರು ತಂಗಿ?"

"ಅವರಿಗೆ ರಟ್ಟುಗಿಟ್ಟು ಯಾಕಕ್ಕ? ಅವರ ಅಂಗೈ ಸಾಲದಾ?" ಎಂದಳು ಹೆಂಡತಿ, ತುಸು ಹೆಮ್ಮೆಯಿಂದಲೇ.

ಹೋಸಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ಎಂಜಿನ್ ಓಡ್ತಿತ್ತಾ?"

"ಹೂಂ."

"ಚುಚ್ಚಿದ ಹಾಗೆ ಏನಾದ್ರೂ ಆಯ್ತಾ?"

"ಇರುವೆ ಕಚ್ಚಿದ ಹಾಗಾಯ್ತು ಅಂದ್ರು. ಒಂದು ಚುಕ್ಕೆ ಅಷ್ಟೇ ಅಕ್ಕ, ರಕ್ತಾನೂ ಬಂದಿಲ್ಲ..."

"ಎಷ್ಟು ಹೊತ್ತಾಯ್ತು?"

"ಮುಕ್ಕಾಲು ಗಂಟೆ ಆಗಿರಬಹುದು. ಯಾಕಕ್ಕ, ಯಾಕೆ ಹಾಗೆ ನೋಡ್ತೀರಿ?"

ಹೋಸಕ್ಕ ಆಗಲೇ ಗೋಡೆಯ ಮೊಳೆಯಿಂದ ವ್ಯಾನಿನ ಬೀಗದ ಕೈ ತೆಗೆದಿದ್ದಳು. "ಅಂಗಡಿ ನೋಡ್ಕೊಳಪ್ಪಾ" ಎಂದು ಡ್ರೈವರನಿಗೆ ಹೇಳಿ, ಒಳಗಿದ್ದ ಒಂದು ಹೈಡ್ರಾಲಿಕ್ ಎಣ್ಣೆಯ ಡಬ್ಬ ತೋರಿಸಿದಳು. "ನೀವು ಹಾಕಿರೋ ಎಣ್ಣೆ ಇದೇನಾ?" ಹೆಂಡತಿ ಹೂಂ ಎಂದಳು. "ಸರಿ, ಡಾಕ್ಟರಿಗೆ ತೋರಿಸೋಕೆ ಇದನ್ನೂ ತಗೊ. ಹತ್ತು."

ವ್ಯಾನು ಓಡುತ್ತಿದ್ದಂತೆ ಹೋಸಕ್ಕ ಹೇಳಿದಳು. "ನಲ್ಲಿ ನೀರಿಗಿಂತ ಐವತ್ತು ಪಟ್ಟು ಹೆಚ್ಚು ಒತ್ತಡ ಇರುತ್ತೆ ಈ ಎಣ್ಣೆಗೆ. ಸೂಜಿಮೊನೆಯಷ್ಟು ತೂತು ಸಿಕ್ರೆ ಸಾಕು, ಚರ್ಮ ತೂರಿ ಒಳಗೆ ಹೋಗುತ್ತೆ. ಕೈಗವಸು ಹಾಕಿದ್ರೂ ತೂರುತ್ತೆ. ಒಳಗೆ ಹೋದ ಎಣ್ಣೆ ಸುಮ್ನೆ ಕೂರಲ್ಲ ತಂಗಿ. ನರದ ಪಕ್ಕ, ಸ್ನಾಯು ಪಕ್ಕ ಹರಡ್ಕೊಂಡು ಎಲ್ಲಾ ಸಾಯಿಸ್ತಾ ಹೋಗುತ್ತೆ."

"ಆದ್ರೆ ನೋವಿದೆ ಅಂತ ಅವರು ಹೇಳಲೇ ಇಲ್ವಲ್ಲ!"

"ಮೊದಲು ಇರಲ್ಲ. ಅದಕ್ಕೇ ಜನ ಮೋಸ ಹೋಗೋದು. ಐದು ವರ್ಷದ ಹಿಂದೆ ಮಣ್ಣು ಅಗೆಯೋ ಯಂತ್ರದ ಡ್ರೈವರ್ ಒಬ್ಬ ನನ್ನ ಅಂಗಡಿ ಕಟ್ಟೆ ಮೇಲೇ ಕೂತು ಇಂಥದೇ ಚುಕ್ಕೆ ತೋರಿಸಿ ನಕ್ಕ. ನಾನೂ ನಕ್ಕೆ. ಗೊತ್ತಿರಲಿಲ್ಲ ಆಗ. ಅವನು ಆಸ್ಪತ್ರೆಗೆ ಹೋಗಿದ್ದು ಮಾರನೇ ದಿನ. ಎರಡು ಬೆರಳು ತೆಗೆದ್ರು." ಅವಳು ಗೇರು ಬದಲಿಸಿದಳು. "ಅವತ್ತಿಂದ ಒಡೆದ ಹೋಸ್ ತಂದ ಯಾರನ್ನೂ ಕೇಳ್ದೆ ಬಿಟ್ಟಿಲ್ಲ."

ಹೆಂಡತಿ ಫೋನ್ ಮಾಡಿದಳು. ಗಂಡ ಎತ್ತಲಿಲ್ಲ. ಮತ್ತೆ ಮಾಡಿದಳು. ಗಂಟೆ ಹೊಡೆದುಕೊಂಡು ಹೊಡೆದುಕೊಂಡು ನಿಂತುಹೋಯಿತು.

ಅವರಿಬ್ಬರೂ ಮನೆ ತಲುಪಿದಾಗ ಅವನು ಟ್ರಾಕ್ಟರಿನ ಪಕ್ಕವೇ ಕೂತಿದ್ದ. ಸ್ಪ್ಯಾನರ್ ಎಡಗೈಯಲ್ಲಿತ್ತು. ಬೆರಳಿನ ಬುಡ ಊದಿ ಹೊಳೆಯುತ್ತಿತ್ತು.

"ಹೋಸ್ ತಂದ್ಯಾ?" ಎಂದವನು ಹೋಸಕ್ಕನನ್ನು ಕಂಡು ಎದ್ದು ನಿಂತ. "ಓಹೋ, ಅಂಗಡೀನೇ ಮನೆಗೆ ಬಂತಲ್ಲ!"

"ಹತ್ತು ತಮ್ಮಾ. ಆಸ್ಪತ್ರೆಗೆ ಹೋಗೋಣ."

"ಇದಕ್ಕಾ? ಇರುವೆ ಕಚ್ಚಿದ್ದಕ್ಕೆ ಆಸ್ಪತ್ರೆಗೆ ಹೋದ ಅಂತ ಊರೆಲ್ಲ ಆಡ್ಕೊಳ್ಳಲ್ವಾ? ಸ್ವಲ್ಪ ಅರಿಶಿನ ಹಚ್ಚಿದ್ರೆ ಸಂಜೆಗೆ ಇಳಿಯುತ್ತೆ. ಅಕ್ಕ, ಇವಳ ಮಾತು ಕೇಳಿ ನೀವೂ..."

"ಫೋನ್ ಯಾಕೆ ಎತ್ತಲಿಲ್ಲ?" ಎಂದಳು ಹೆಂಡತಿ.

ಅವನ ಕಣ್ಣು ಪ್ಯಾಂಟಿನ ಬಲಜೇಬಿಗೆ ಹೋಯಿತು. ಫೋನು ಅಲ್ಲಿತ್ತು, ಊದಿದ ಬಲಗೈ ಜೇಬಿನೊಳಗೆ ಹೋಗಿರಲಿಲ್ಲ.

ಹೋಸಕ್ಕ ವಾದ ಮಾಡಲಿಲ್ಲ. "ಸರಿ. ಕಣ್ಣು ಮುಚ್ಚು. ನಿನ್ನ ಅಂಗೈಗೆ ಎಲ್ಲಾ ಗೊತ್ತಾಗುತ್ತಲ್ಲ? ಆ ಬೆರಳಿಗೆ ಏನು ಮುಟ್ಟಿಸ್ತೀವಿ ಹೇಳು. ಸರಿ ಹೇಳಿದ್ರೆ ನಾನು ವಾಪಸ್ ಹೋಗ್ತೀನಿ."

ಅವನು ನಗುತ್ತಲೇ ಕಣ್ಣು ಮುಚ್ಚಿ ಬಲಗೈ ಚಾಚಿದ. ಹೋಸಕ್ಕ ನೆಲದಲ್ಲಿದ್ದ ಇನ್ನೊಂದು ತಣ್ಣನೆಯ ಸ್ಪ್ಯಾನರನ್ನು ತೋರುಬೆರಳ ತುದಿಗೆ ಮೆತ್ತಗೆ ತಾಗಿಸಿದಳು.

"ಹೇಳು."

"ಇವಳ ಬೆರಳು."

ಹೋಸಕ್ಕ ಸ್ಪ್ಯಾನರ್ ತೆಗೆದು ಹೆಂಡತಿಗೆ ಸನ್ನೆ ಮಾಡಿದಳು. ಅವಳು ತನ್ನ ಬೆರಳನ್ನು ಅವನ ಬೆರಳ ತುದಿಗೆ ಇಟ್ಟಳು. ಒಂದು ಗಳಿಗೆ ಕಳೆಯಿತು. ಇನ್ನೊಂದು ಕಳೆಯಿತು.

"ಮುಟ್ಸಿ ಮತ್ತೆ" ಎಂದ ಅಂಗೈಯಣ್ಣ. "ಯಾಕೆ ಸುಮ್ನೆ ನಿಂತಿದ್ದೀರಾ?"

ಅವನು ಕಣ್ಣು ತೆರೆದ. ತನ್ನ ಬೆರಳ ಮೇಲಿದ್ದ ಅವಳ ಬೆರಳನ್ನು ನೋಡಿದ. ಮುಖದ ನಗು ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದವನ ಹಾಗೆ.

"ಗೊತ್ತೇ ಆಗ್ತಿಲ್ಲ ಕಣೇ" ಎಂದ ಸಣ್ಣ ದನಿಯಲ್ಲಿ.

ವ್ಯಾನಿನಲ್ಲಿ ಹೋಸಕ್ಕ ಒಂದೊಂದೇ ಹೇಳುತ್ತಾ ಹೋದಳು. ಕೈ ಎದೆಗಿಂತ ಮೇಲೆ ಹಿಡಿ. ಒತ್ತಬೇಡ, ಹಿಂಡಬೇಡ, ಬಟ್ಟೆ ಬಿಗಿದು ಕಟ್ಟಬೇಡ. ಬಿಸಿನೀರೂ ಬೇಡ, ಅರಿಶಿನವೂ ಬೇಡ. ಏನೂ ತಿನ್ನಬೇಡ, ಕುಡಿಯಲೂ ಬೇಡ, ಆಪರೇಷನ್ ಆಗಬಹುದು. ಅವನು ಮಗುವಿನ ಹಾಗೆ ಕೈ ಎತ್ತಿ ಹಿಡಿದು ಕೂತಿದ್ದ. ನೋವು ಶುರುವಾಗಿತ್ತು. ರಸ್ತೆಯ ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತಿದ್ದ. ಹೆಂಡತಿ ಎರಡು ನಿಮಿಷಕ್ಕೊಮ್ಮೆ ಹೊತ್ತು ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಎಳೆಯ ಪ್ರಾಯದ ಡಾಕ್ಟರೊಬ್ಬರು ಚುಕ್ಕೆ ನೋಡಿ, "ಸಣ್ಣ ಗಾಯ. ಒಂದು ಇಂಜೆಕ್ಷನ್ ಕೊಡ್ತೀನಿ, ಮನೆಗೆ ಹೋಗಿ" ಎಂದರು.

ಹೋಸಕ್ಕ ಎಣ್ಣೆ ಡಬ್ಬವನ್ನು ಮೇಜಿನ ಮೇಲಿಟ್ಟಳು. "ಡಾಕ್ಟ್ರೇ, ಇದು ಮುಳ್ಳು ಚುಚ್ಚಿದ್ದಲ್ಲ. ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಒಳಗೆ ಹೋಗಿದೆ. ಎಣ್ಣೆ ಇದೇ, ಹೆಸರು ಡಬ್ಬದ ಮೇಲಿದೆ. ಎರಡು ಗಂಟೆ ಆಯ್ತು. ಬೆರಳಿಗೆ ಸ್ಪರ್ಶ ಇಲ್ಲ. ದಯವಿಟ್ಟು ಕೈ ಆಪರೇಷನ್ ಮಾಡೋ ಸರ್ಜನ್ನರನ್ನ ಕರೀರಿ."

ಡಾಕ್ಟರು ಮತ್ತೊಮ್ಮೆ ಕೈ ನೋಡಿದರು. ಆಮೇಲೆ ಅವರೇ ಓಡಿಹೋಗಿ ಫೋನ್ ಎತ್ತಿಕೊಂಡರು.

ಆಪರೇಷನ್ ಕೋಣೆಯ ಹೊರಗೆ ಒಂದು ಬೆಂಚಿತ್ತು, ಅದಕ್ಕೊಂದು ಕಾಲು ಗಿಡ್ಡ. ಹೆಂಡತಿ ಉಸಿರೆಳೆದಾಗಲೆಲ್ಲ ಅದು ಟಕ್ಕೆನ್ನುತ್ತಿತ್ತು. "ನನ್ನ ಭುಜದ ನೋವಿಗೆ ಅಂತ ಮಾಡೋಕೆ ಹೋದ್ರು ಅಕ್ಕ" ಎಂದಳು. "ಹಿಡಿ ಒತ್ತಿ ಹಿಡಿದಿದ್ದೂ ನಾನೇ."

"ಗೊತ್ತಿಲ್ದೆ ಮಾಡಿದ್ದು ತಂಗಿ."

"ಗೊತ್ತು ಮಾಡ್ಕೋಬಹುದಿತ್ತು. ನೀವು ಕರೆದಿದ್ರಲ್ಲ."

ಹೋಸಕ್ಕ ಅವಳ ಭುಜದ ಮೇಲೆ ಕೈಯಿಟ್ಟಳು. ಬೆಂಚು ಟಕ್ಕೆಂದಿತು.

ಹೊರಗೆ ಬಂದ ಸರ್ಜನ್ ತಲೆಯ ಟೋಪಿ ತೆಗೆದರು. "ಎಣ್ಣೆ ಮಣಿಕಟ್ಟಿನವರೆಗೂ ಹೋಗಿತ್ತು. ಅಂಗೈ ಸೀಳಿ, ಸಿಕ್ಕಷ್ಟೂ ತೊಳೆದಿದ್ದೀವಿ. ನಾಡಿದ್ದು ಮತ್ತೆ ತೆರೆದು ತೊಳೀಬೇಕು. ಕೈ ಉಳಿಯುತ್ತೆ. ತೋರುಬೆರಳು ಎಷ್ಟು ಮಡಚುತ್ತೆ ಅಂತ ಈಗಲೇ ಹೇಳೋಕಾಗಲ್ಲ." ಸ್ವಲ್ಪ ತಡೆದು, "ನಾಳೆ ಬೆಳಗ್ಗೆ ಬಂದಿದ್ರೆ ನಾನು ಬೇರೆ ಮಾತು ಹೇಳ್ತಿದ್ದೆ" ಎಂದರು.

ಮೂರು ತಿಂಗಳಾಯಿತು. ತೋರುಬೆರಳು ಅರ್ಧ ಮಡಚುತ್ತದೆ. ಅದರ ತುದಿಗೆ ಬಿಸಿ ತಿಳಿಯುತ್ತದೆ, ತಂಪು ಇನ್ನೂ ತಿಳಿಯುವುದಿಲ್ಲ. ಗೋಡೆಯ ಸೋರಿಕೆಗೆ ಈಗ ಅವನು ಎಡಗೈ ಕಲಿಸುತ್ತಿದ್ದಾನೆ. "ಇದಕ್ಕೆ ಸ್ವಲ್ಪ ಕಿವಿ ಮಂದ" ಎಂದು ನಗುತ್ತಾನೆ. ಹೆಂಡತಿ ನಗುವುದಿಲ್ಲ.

ಟ್ರಾಕ್ಟರ್ ಹೋಸಕ್ಕನ ಅಂಗಡಿಗೆ ಹೋಗಿ ಬಂತು. ಅವಳು ವಾಲ್ವ್ ಬಿಚ್ಚಿ ಸರಿಯಾಗಿ ಕೂರಿಸಿದಳು. ಪಂಪಿನ ಒತ್ತಡಕ್ಕೆ ತಕ್ಕ ಹೋಸು ಹಾಕಿದಳು. ಕಬ್ಬಿಣದ ಅಂಚಿಗೆ ತಾಗದ ಹಾಗೆ ದೂರದಿಂದ ತಂದು, ಮೇಲೊಂದು ದಪ್ಪ ಕವಚ ತೊಡಿಸಿದಳು. ಪರೀಕ್ಷೆ ಮಾಡುವಾಗ ಕನ್ನಡಕ ಹಾಕಿಕೊಂಡು, ಉದ್ದ ಕೋಲಿನ ತುದಿಗೆ ರಟ್ಟಿನ ತುಂಡು ಸಿಕ್ಕಿಸಿ ಹೋಸಿನುದ್ದಕ್ಕೂ ಆಡಿಸಿದಳು. ರಟ್ಟು ಒಣಗಿಯೇ ಇತ್ತು. ಅಂಗೈಯಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತು ನೋಡಿದ. ಆಮೇಲೆ ಅವಳು ಎಂಜಿನ್ ನಿಲ್ಲಿಸಿ, ವಾಲ್ವಿನ ಹಿಡಿಯನ್ನು ಹಿಂದೆ ಮುಂದೆ ಆಡಿಸಿದಳು.

"ಅದ್ಯಾಕಕ್ಕ? ಎಂಜಿನ್ ನಿಂತಿದೆಯಲ್ಲ" ಎಂದ.

"ಎಂಜಿನ್ ನಿಂತ್ರೂ ಹೋಸಲ್ಲಿ ಒತ್ತಡ ನಿಂತಿರುತ್ತೆ. ಹಿಡಿ ಆಡಿಸಿ ಅದನ್ನ ಬಿಡಿಸ್ಬೇಕು. ಆಮೇಲೇ ನಟ್ಟಿಗೆ ಕೈ."

"ಅಕ್ಕ, ಇನ್ನೊಂದ್ಸಲ ಹೇಳಿ" ಎಂದಳು ಹೆಂಡತಿ. "ಇನ್ಮೇಲೆ ನಾನೇ ಓಡಿಸೋದು."

ಈಗ ನಿಮ್ಮ ವಿಷಯ. ನೀವೂ ನಿಮ್ಮ ಪುಟ್ಟ ಟ್ರಾಕ್ಟರಿನ ಹಿಂದೆ ವಾಲ್ವ್ ಕೂರಿಸಬೇಕೆಂದಿದ್ದೀರಾ? ಖಂಡಿತ ಕೂರಿಸಿ. ಅದು ಬೆನ್ನು, ಭುಜ ಎರಡನ್ನೂ ಉಳಿಸುತ್ತದೆ. ಆದರೆ ಬಲ್ಲವರ ಕೈಯಿಂದ ಕೂರಿಸಿ. ಹೋಸು ಬಿಚ್ಚುವ ಮೊದಲು ಟ್ರಾಲಿಯನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಹಿಡಿಯಾಡಿಸಿ ಒತ್ತಡ ಬಿಡಿ. ಎತ್ತಿದ ಟ್ರಾಲಿಯ ಕೆಳಗೆ ಗಟ್ಟಿ ಆಸರೆ ಕೊಡದೆ ತಲೆ ಹಾಕಬೇಡಿ. ಸೋರಿಕೆಯನ್ನು ರಟ್ಟಿನಿಂದ ಹುಡುಕಿ, ಬರಿಗೈಯಿಂದಲೂ ಬೇಡ, ಕೈಗವಸಿನ ಕೈಯಿಂದಲೂ ಬೇಡ. ಆದರೂ ಎಲ್ಲಾದರೂ ಚುಚ್ಚಿದಂತಾದರೆ ನೋವಿಗಾಗಿ ಕಾಯಬೇಡಿ, ರಕ್ತಕ್ಕಾಗಿ ಕಾಯಬೇಡಿ, ಊರವರು ನಗುತ್ತಾರೆಂದು ನಾಚಬೇಡಿ. ಎಣ್ಣೆಯ ಡಬ್ಬ ಹಿಡಿದು ಆ ಗಳಿಗೆಯೇ ಹೊರಡಿ. "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಎಂದು ಬಾಯಿಬಿಟ್ಟು ಹೇಳಿ. ಚುಕ್ಕೆಯ ಗಾತ್ರ ನೋಡಬೇಡಿ, ಗಡಿಯಾರ ನೋಡಿ.

ಕೈಯ ಆಪರೇಷನ್ ಮಾಡುವ ಆಸ್ಪತ್ರೆ ನಿಮಗೆ ಎಲ್ಲಿ ಹತ್ತಿರ ಎಂದು ಇವತ್ತೇ ವಿಚಾರಿಸಿ. ಅದರ ಫೋನ್ ನಂಬರನ್ನು ಟ್ರಾಕ್ಟರಿನ ಮೇಲೇ ಬಣ್ಣದಲ್ಲಿ ಬರೆದಿಡಿ, ಬಲಗೈಗೆ ಪೆಟ್ಟಾಗಿ ಎಡಗೈಯಲ್ಲಿ ಫೋನ್ ಒತ್ತುವವರಿಗೂ ಒಂದೇ ನೋಟಕ್ಕೆ ಕಾಣುವಷ್ಟು ದೊಡ್ಡದಾಗಿ.