ಕೆಂಪಾಗದ ಬಕೆಟ್ ನೀರು

ಈ ಕಥೆ ಎಲ್ಲಿಂದ ಶುರು ಮಾಡಲಿ? ಯಶವಂತನಗರದ ಅದಿರು ಲಾರಿ ಸಾಲಿನಿಂದ ಎಂದು ಬರೆದೆ, ಹೊಡೆದುಹಾಕಿದೆ. ಲಾರಿ ಎಲ್ಲರೂ ನೋಡಿದ್ದಾರೆ. ಬಕೆಟ್‌ನಿಂದ ಶುರು ಮಾಡುತ್ತೇನೆ. (ಕುಕ್ಕರ್ ಎರಡು ಸಲ ಕೂಗಿದೆ. ಮೂರನೆಯದಕ್ಕೆ ಏಳಬೇಕು.)

೧
ಊರೆಲ್ಲ ಅದಿರಿನ ದುಡ್ಡಲ್ಲಿ ಮನೆ ಕಟ್ಟುತ್ತಿದ್ದ ೨೦೦೬ನೇ ಇಸವಿ. ಹೊಸಪೇಟೆಯ ಸುಂಕಮ್ಮ ಹನ್ನೊಂದು ವರ್ಷದಿಂದ ಗಂಡ ಗಾದಿಲಿಂಗಪ್ಪನ ಗಣಿ ಅಂಗಿ ಒಗೆಯುತ್ತಿದ್ದಳು. ಅದಿರಿನ ಕೆಂಪು ಧೂಳಿಗೆ ಮೊದಲ ನೀರು ಕುಂಕುಮ ಕಲಸಿದ ಹಾಗೆ. ಮೂರನೆಯ ನೀರಿಗೂ ಬಣ್ಣ ಬಿಡುವುದು. ಈ ವಾರ ಮೂರು ದಿನ ಮೊದಲ ನೀರೇ ತಿಳಿಯಾಗಿತ್ತು. ಆತ ಮಾತ್ರ ದಿನಾ ಊಟದ ಡಬ್ಬಿ ಹಿಡಿದು ಕಂಪನಿ ಬಸ್ಸಿಗೆಂದು ಹೋಗುತ್ತಿದ್ದ.

೨
ಒಂಬತ್ತನೇ ಕ್ಲಾಸಿನ ಮಗಳು ರಮಾ ಇಂಗ್ಲಿಷ್ ಹೋಮ್‌ವರ್ಕ್ ಬರೆಯುತ್ತಿದ್ದಳು.

"ಯವ್ವಾ, ಗುರುತು ನೋಡಿ ಖಾತ್ರಿಯಾದ್ರ ಮಸ್ಟ್. ಇರಬಹುದು ಅಂದ್ರ ಮೈಟ್. ಸಾಧ್ಯನ ಇಲ್ಲಂದ್ರ ಕಾಂಟ್. ನೀ ಒಂದು ಹೇಳು."

"ಅಂಗಿ ಕೆಂಪಾಗಿಲ್ಲ ಅಂದ್ರ?"

"ಗಣಿಗೆ ಹೋಗಿರಾಕ ಸಾಧ್ಯನ ಇಲ್ಲ. ಕಾಂಟ್!" ಎಂದವಳು ಪೆನ್ನು ಕಚ್ಚಿಕೊಂಡು ಒಳಕೋಣೆಯ ಕಡೆ ನೋಡಿದಳು.

ಒಳಗೆ ಮಲಗಿದ್ದ ಗಾದಿಲಿಂಗಪ್ಪ ಕೆಮ್ಮಿದ.

೩ (ಹೊಡೆದುಹಾಕಿದ್ದು)
ಆತನಿಗೆ ಕಂಪ್ಲಿಯಲ್ಲಿ ಇನ್ನೊಂದು ಸಂಸಾರವಿದೆ ಎಂದು ಬರೆಯಹೊರಟೆ. ಕಥೆಯೊಳಗಿನ ಸುಂಕಮ್ಮನೇ ಬಿಡಲಿಲ್ಲ.

"ಅಕ್ಕಾರ, ನಿಮಗ ಕುಂತಲ್ಲೇ ಏನರ ಹೊಳಿತೈತಿ. ಈ ಮನಿಗೆ ಒಂದು ಬಲ್ಬ್ ತರಾಕ ನಾಕು ಸಲ ಹೇಳಬೇಕು. ಇನ್ನೊಂದು ಮನಿ ನಡಸ್ತಾನೇನು?"

ಒಪ್ಪಿದೆ. ಗಣಿಯಲ್ಲಿ ಲಾರಿಗೆ ಅದಿರು ತುಂಬಲು ಹೊಸ ಮಷೀನು ಬಂದಿದೆ, ಆತನ ಕೆಲಸ ಹೋಗಿದೆ, ಹೇಳಲು ಬಾಯಿ ಬರುತ್ತಿಲ್ಲ. ಅಷ್ಟೇ.

೪
ನಾಲ್ಕನೆಯ ಸಂಜೆ ಅಂಗಿ ಕೆಂಪಾಗಿತ್ತು. ಎದೆ, ತೋಳು, ಎಲ್ಲ ಕಡೆ. ಸುಂಕಮ್ಮ ನೆನೆಹಾಕುವ ಮುಂಚೆ ಜೇಬು ಹೊರಳಿಸಿದಳು. ಗಣಿ ಧೂಳು ಮೊದಲು ಹೊಗುವುದೇ ಜೇಬಿನ ಮೂಲೆಗೆ, ಕಾಲರಿನ ಮಡಿಕೆಗೆ. ಎರಡೂ ಚೊಕ್ಕವಾಗಿದ್ದವು. ಲಾರಿಗಳು ಚೆಲ್ಲಿದ ಮಣ್ಣನ್ನು ಆತ ರಸ್ತೆ ಪಕ್ಕ ಕೂತು ಕೈಯಾರೆ ಅಂಗಿಗೆ ಸವರಿಕೊಂಡಿದ್ದ.

"ಇವತ್ತು ಭಾಳ ಧೂಳು" ಎಂದ ಗಾದಿಲಿಂಗಪ್ಪ, ಆಕೆಯ ಮುಖ ನೋಡದೆ.

"ಹೂಂ. ನೀರು ಕಾದೈತಿ, ಜಳಕ ಮಾಡ್ರಿ."

೫
ಇಲ್ಲಿ ಆಕೆ ಕೇಳಿಬಿಡಬೇಕು. ಇಲ್ಲವೇ ಆತ ಅಳಬೇಕು. ಎರಡನ್ನೂ ಬರೆದು ನೋಡಿದೆ.

"ಬ್ಯಾಡ್ರಿ ಅಕ್ಕಾರ" ಎಂದಳು ಸುಂಕಮ್ಮ. "ತಾನಾಗಿ ಹೇಳ್ಲಿ. ನೀವು ಅವಸರ ಮಾಡಬ್ಯಾಡ್ರಿ."

ರಮಾ ನೋಟ್‌ಬುಕ್ ಹಿಡಿದು ಬಂದಳು. "ಯವ್ವಾ, ಅಪ್ಪ ಇವತ್ತು ಗಣಿಗೆ ಹೋಗಿದ್ದ ಅನ್ನಾಕ ಏನಂತ ಬರೀಲಿ? ಮಸ್ಟೋ, ಕಾಂಟೋ?"

ಸುಂಕಮ್ಮ ಚೊಕ್ಕ ಜೇಬನ್ನು ಮತ್ತೆ ಒಳಕ್ಕೆ ತುರುಕಿದಳು.

"ಮೈಟ್ ಅಂತ ಬರಿ."

(ಮೂರನೆಯ ಕೂಗು. ನಾಳೆಯೂ ಆಕೆ ಡಬ್ಬಿ ಕಟ್ಟುತ್ತಾಳೆ, ಅಷ್ಟು ಗೊತ್ತು. ಆತ ಹೇಳುತ್ತಾನೋ ಇಲ್ಲವೋ, ನನ್ನನ್ನು ಕೇಳಬೇಡಿ.)