ಒಂದೇ ಲೈನಿನ ಎರಡು ಯಂತ್ರ

ಗೇಮಿಂಗ್ ಕಂಪ್ಯೂಟರ್ ಬೇಕು ಎಂದು ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನರನ್ನು ಬುದ್ಧಿ ಹೇಳಿ ವಾಪಸ್ ಕಳಿಸುತ್ತೇನೆ. ವ್ಯಾಪಾರಿಗೆ ಇದು ಒಳ್ಳೆಯ ಗುಣವಲ್ಲ ಎಂದು ಹೆಂಡತಿ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಆದರೆ ಬೇಡದ ಯಂತ್ರ ಕೊಂಡವನು ಆರು ತಿಂಗಳಿಗೆ ಮುಖ ತಿರುಗಿಸಿಕೊಂಡು ಓಡಾಡುತ್ತಾನೆ. ಬೇಡ ಎಂದಿದ್ದಕ್ಕೆ ಮುನಿಸಿಕೊಂಡು ಹೋದವನು ಕೀಬೋರ್ಡ್ ಕೆಟ್ಟ ದಿನ ನನ್ನ ಹತ್ತಿರವೇ ಬರುತ್ತಾನೆ.

ಗುಬ್ಬಿ ಬಂದಾಗಲೂ ಬೇಡವೆಂದೇ ಶುರು ಮಾಡಿದೆ. ಗುಬ್ಬಿ ನನ್ನ ಅಕ್ಕನ ಮಗಳು. ಇಪ್ಪತ್ತಾರು ವರ್ಷ, ಮೂಗಿನ ತುದಿಯಲ್ಲೇ ಕೋಪ. ಅವಳ ಉದ್ಯೋಗ ಕಂಪ್ಯೂಟರ್ ಆಟ ಆಡುವುದು ಎಂದರೆ ಜನ ನಗುತ್ತಾರೆ. ಹೊಸ ಆಟ ಮಾರುಕಟ್ಟೆಗೆ ಬರುವ ಮೊದಲು ಅದನ್ನು ನೂರಾರು ಸಲ ಆಡಿ, ಎಲ್ಲಿ ಆಟದೊಳಗಿನ ಮನುಷ್ಯನ ಕಾಲು ಗೋಡೆಯೊಳಗೆ ತೂರುತ್ತದೆ, ಎಲ್ಲಿ ಇಡೀ ಆಟವೇ ಕಲ್ಲಿನಂತೆ ನಿಂತುಬಿಡುತ್ತದೆ ಎಂದು ಹುಡುಕಿ ಬರೆದು ಕಳಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಒಂದೇ ಬಾಗಿಲನ್ನು ತೆಗೆದು ಮುಚ್ಚುವುದನ್ನು ಆಟ ಎನ್ನುವುದಾದರೆ, ಅದು ಆಟ.

ಆ ಕೆಲಸವನ್ನು ಮನೆಯಿಂದ ಮಾಡಬಹುದು ಎನ್ನುವುದೇ ಅಕ್ಕನ ಮನೆಯವರಿಗೆ ದೊಡ್ಡ ಆಸರೆಯಾಗಿತ್ತು. ಭಾವ ಮೂವತ್ತು ವರ್ಷ ವೆಲ್ಡಿಂಗ್ ಹೊಗೆ ಕುಡಿದವರು. ಈಗ ಮಂಚದ ಪಕ್ಕ ಚಿಕ್ಕ ಬೀರುವಿನಷ್ಟು ದೊಡ್ಡ ಆಮ್ಲಜನಕದ ಯಂತ್ರ, ಅದರಿಂದ ಮೂಗಿಗೆ ಕೊಳವೆ. ದಿನಕ್ಕೆ ಇಪ್ಪತ್ತು ಗಂಟೆಯಾದರೂ ಹಾಕಿಕೊಂಡಿರಬೇಕೆಂದು ಡಾಕ್ಟರು ಹೇಳಿದ್ದರು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಬೆಳಗಾಗುತ್ತಲೇ ಹೋದರೆ ಬರುವುದು ಸಂಜೆ ಐದಕ್ಕೆ. ಹಗಲು ಭಾವನ ಜೊತೆಗಿರುವವಳು ಗುಬ್ಬಿ ಒಬ್ಬಳೇ.

ಕಂಪನಿ ಈಗ ಅವಳಿಗೆ ದೊಡ್ಡ ಆಟಗಳನ್ನು ಕೊಡುತ್ತೇನೆ ಎಂದಿತ್ತು. ಆದರೆ ಯಂತ್ರ ಅವಳದ್ದೇ ಆಗಿರಬೇಕು, ಅತ್ಯುತ್ತಮ ಮಟ್ಟದ್ದಾಗಿರಬೇಕು, ಒಂದು ತಿಂಗಳು ರಜೆಯಿಲ್ಲದೆ ಮಾಡಿ ತೋರಿಸಬೇಕು. ಆಗದಿದ್ದರೆ ನಾಲ್ಕು ಗಂಟೆ ದಾರಿಯ ಊರಿನಲ್ಲಿರುವ ಆಫೀಸಿಗೆ ಹೋಗಿ ಕೂರಬೇಕು.

"ಲ್ಯಾಪ್‌ಟಾಪ್ ತಗೋ. ಅಪ್ಪನ ಮಂಚದ ಪಕ್ಕಾನೇ ಕೂತು ಮಾಡಬಹುದು," ಎಂದೆ.

"ಅರ್ಧ ಗಂಟೆಗೆ ಬಿಸಿಯಾಗಿ ಕುಂಟೋಕೆ ಶುರು ಮಾಡುತ್ತೆ ಮಾಮ. ಆಮೇಲೆ ಆಟ ತೊದಲಿದ್ರೆ ತಪ್ಪು ಆಟದ್ದೋ ಲ್ಯಾಪ್‌ಟಾಪಿಂದೋ ಅಂತ ಯಾರನ್ನ ಕೇಳಲಿ?"

"ಡೆಸ್ಕ್‌ಟಾಪ್ ಅಂದ್ರೆ ಗೊತ್ತಲ್ಲ? ಇಟ್ಟ ಜಾಗ ಬಿಟ್ಟು ಏಳಲ್ಲ, ನಿಮ್ಮಪ್ಪನ ಥರ."

"ಅಪ್ಪನ್ನ ಬಿಚ್ಚಿ ಪಾರ್ಟ್ ಬದಲಾಯಿಸೋಕಾಗಲ್ಲ. ಇದನ್ನ ಬದಲಾಯಿಸಬಹುದು. ಅದಕ್ಕೇ ಕೇಳ್ತಿರೋದು."

ಅವಳ ಮಾತು ಸರಿಯಾಗಿಯೇ ಇತ್ತು. ದೊಡ್ಡ ಪೆಟ್ಟಿಗೆಯೊಳಗೆ ಗಾಳಿ ಆಡುತ್ತದೆ, ಹಾಗಾಗಿ ಇಡೀ ದಿನ ಓಡಿದರೂ ದಣಿಯುವುದಿಲ್ಲ. ಒಂದು ಭಾಗ ಹಾಳಾದರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಒಲೆ ಹಚ್ಚಿಟ್ಟ ಹಾಗೆ ಕೋಣೆ ಕಾಯುತ್ತೆ. ಫ್ಯಾನುಗಳು ಭರ್ರ್ ಅನ್ನುತ್ವೆ. ಕರೆಂಟು ನೀರು ಕುಡಿದ ಹಾಗೆ ಕುಡಿಯುತ್ತೆ. ಚಿತ್ರದ ಚಂದದಲ್ಲಿ ನೂರಕ್ಕೆ ಕೊನೇ ಹತ್ತು ಪಾಲಿಗೇ ಅರ್ಧ ಕರೆಂಟು ಹೋಗುತ್ತೆ. ಆ ಹತ್ತು ಪಾಲು ಯಾರಿಗೂ ಕಣ್ಣಿಗೇ ಕಾಣಲ್ಲ."

"ಆ ಹತ್ತು ಪಾಲನ್ನ ನೋಡೋದೇ ನನ್ನ ಕೆಲಸ," ಎಂದಳು.

ಎಂಟು ಜನರ ಸಾಲಿಗೆ ಸೇರುವವಳಲ್ಲ ಎಂದು ಒಪ್ಪಿಕೊಂಡೆ. ಒಳ್ಳೆಯ ಭಾಗಗಳನ್ನೇ ಆರಿಸಿ ಜೋಡಿಸಿದೆ. ನನ್ನದೊಂದು ಪದ್ಧತಿ ಇದೆ: ಯಾವ ಯಂತ್ರವನ್ನಾದರೂ ಕೊಡುವ ಮೊದಲು ಒಂದು ಹಗಲು ಒಂದು ರಾತ್ರಿ ಪೂರ್ತಿ ಬಿರುಸಿನಲ್ಲಿ ಓಡಿಸುತ್ತೇನೆ. ಕೆಡುವುದಿದ್ದರೆ ನನ್ನ ಮೇಜಿನ ಮೇಲೆಯೇ ಕೆಡಲಿ. ಗುಬ್ಬಿಯ ಯಂತ್ರ ಒಮ್ಮೆಯೂ ತಪ್ಪಲಿಲ್ಲ. ಎರಡು ಅಂತಸ್ತಿನ ಮೆಟ್ಟಿಲು ಹತ್ತಿಸಿ, ಬೆನ್ನು ಹಿಡಿದುಕೊಂಡು, ಅವರ ಮುಂದಿನ ಕೋಣೆಯಲ್ಲಿ ಇಟ್ಟುಬಂದೆ. ಬಿಸಿಯೂ ಸದ್ದೂ ಭಾವನಿಗೆ ತಾಗದಿರಲಿ ಎಂದು ನಡುವಿನ ಬಾಗಿಲು ಮುಚ್ಚಿರಬೇಕು ಎಂದು ನಾನೇ ಹೇಳಿದೆ.

ಮಾರನೆಯ ದಿನವೇ ಮನೆಯ ಫ್ಯೂಸಿನ ಸ್ವಿಚ್ಚು ಎರಡು ಸಲ ಬಿತ್ತು. ಕರೆಂಟು ತಪ್ಪಿ ಭಾವನ ಯಂತ್ರ ಕಿರುಚಿತು, ಗುಬ್ಬಿ ಎದ್ದು ಓಡಿದಳು, ನಾಲ್ಕು ಗಂಟೆ ಬಿಡದೆ ಆಡಿದ ಪರೀಕ್ಷೆ ಮಣ್ಣುಪಾಲಾಯಿತು. ಫೋನಿನಲ್ಲಿ ಅವಳ ದನಿ ಅಳುವ ಹಾಗಿತ್ತು. ಭಾನುವಾರ ಬಂದು ನೋಡುತ್ತೇನೆ ಎಂದೆ.

ಶನಿವಾರ ಅವಳೇ ಫೋನು ಮಾಡಿದಳು. "ಬರಬೇಡ ಮಾಮ, ಸರಿಹೋಯ್ತು. ಮೂರು ದಿನದಿಂದ ಒಂದ್ಸಲಾನೂ ಬಿದ್ದಿಲ್ಲ."

ತಾನಾಗಿ ಸರಿಹೋದ ಯಂತ್ರವನ್ನು ನಂಬಬೇಡಿ ಎಂದು ಗಿರಾಕಿಗಳಿಗೆ ಹೇಳುವವನು ನಾನು. ಅಂಗಡಿಯಲ್ಲಿ ಕೈತುಂಬಾ ಕೆಲಸ ಇತ್ತು. ನಂಬಿದೆ.

ಮೂರು ವಾರ ಕಳೆದ ಮೇಲೆ ಕಂಪ್ಯೂಟರಿನ ಧೂಳು ತೆಗೆಯಲು ಹೋದೆ. ಗಾಳಿ ಎಳೆಯುವ ಕಡೆ ಒಂದು ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಎಂಥ ಯಂತ್ರವೂ ಉಸಿರುಗಟ್ಟುತ್ತದೆ. ಗುಬ್ಬಿಯನ್ನು ಹತ್ತು ನಿಮಿಷ ಎಬ್ಬಿಸಿ ಜಾಲರಿ ಬಿಚ್ಚಿದರೆ ಬೂದು ಬಣ್ಣದ ಕಂಬಳಿಯಷ್ಟು ಧೂಳು. ತೊಳೆದು ಹಾಕಿ ಅವಳನ್ನು ಮತ್ತೆ ಕೂರಿಸಿ, ಕೈ ಒದ್ದೆಯಾಗಿಯೇ ಇದೆಯಲ್ಲ, ಭಾವನ ಯಂತ್ರದ ಗಾಳಿ ಸೋಸುವ ಸ್ಪಂಜನ್ನೂ ತೊಳೆದುಬಿಡೋಣ ಎಂದು ಒಳಗೆ ಹೋದೆ.

ಭಾವ ದಿಂಬಿಗೆ ಒರಗಿ ಕೂತಿದ್ದರು. ಕೊಳವೆ ಮೂಗಿನಲ್ಲೇ ಇತ್ತು. ತುಟಿ ಮಾತ್ರ ನೇರಳೆ ತಿಂದವರ ಹಾಗೆ.

"ಏನಯ್ಯಾ ಕಂಪ್ಯೂಟರ್ ಡಾಕ್ಟ್ರೇ, ನನ್ನೂ ನಿನ್ನ ರೋಗಿ ಅಂದ್ಕೊಂಡ್ಯಾ?"

"ನಿಮ್ಮನ್ನ ಯಾರು ನೋಡ್ತಾರೆ? ನಿಮ್ಮ ಯಂತ್ರ ನೋಡೋಕೆ ಬಂದೆ."

ಸ್ಪಂಜು ತೆಗೆದೆ. ನಾನು ಎಣಿಸಿದಷ್ಟು ಕೊಳೆಯಾಗಿರಲಿಲ್ಲ. ಅದೇ ಮನೆ, ಅದೇ ಧೂಳು, ಕಂಪ್ಯೂಟರಿಗಿಂತ ಹೆಚ್ಚು ಹೊತ್ತು ಗಾಳಿ ಎಳೆಯುವ ಯಂತ್ರ. ಆಗ ಇನ್ನೊಂದು ಹೊಳೆಯಿತು. ಕೋಣೆ ನಿಶ್ಶಬ್ದವಾಗಿತ್ತು. ಯಂತ್ರ ಓಡುತ್ತಲೇ ಇರಲಿಲ್ಲ.

ಆ ಯಂತ್ರದ ಬದಿಯಲ್ಲಿ, ಹುಟ್ಟಿದಾಗಿನಿಂದ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅಂಕಿ ಇರುತ್ತದೆ. ಸರ್ವಿಸಿನವನು ಇಪ್ಪತ್ತೈದು ದಿನದ ಹಿಂದೆ ಬಂದಾಗಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದ. ದಿನಕ್ಕೆ ಇಪ್ಪತ್ತರಂತೆ ಐನೂರು ಗಂಟೆ ಏರಬೇಕಿತ್ತು. ಮುನ್ನೂರ ಅರವತ್ತು ಏರಿತ್ತು.

"ಭಾವ, ಇದನ್ನ ಯಾವಾಗಿಂದ ಆರಿಸ್ತಿದೀರಿ?"

"ಬಾಗಿಲು ಹಾಕು ಮೊದಲು," ಎಂದರು. ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಎರಡೂ ಒಟ್ಟಿಗೆ ನಡೆದ್ರೆ ಸ್ವಿಚ್ಚು ಬೀಳುತ್ತೆ. ಅವಳ ಯಂತ್ರ ಗುರ್ ಅನ್ನೋದು ಇಲ್ಲಿಗೆ ಕೇಳುತ್ತಲ್ಲ, ಕೇಳಿದ ತಕ್ಷಣ ಇದನ್ನ ಆರಿಸ್ತೀನಿ. ಸುಮ್ನೆ ಕೂತಿದ್ರೆ ಏನೂ ಆಗಲ್ಲ. ಓಡಾಡಿದ್ರೆ ತಾನೇ ಏದುಸಿರು?"

"ದಿನಕ್ಕೆ ಏಳು ಗಂಟೆ!"

"ಅವಳು ನನಗೋಸ್ಕರ ಈ ನಾಲ್ಕು ಗೋಡೆ ಮಧ್ಯೆ ಕೂತಿದಾಳೆ. ನಾನು ಒಂದು ಸ್ವಿಚ್ಚು ಒತ್ತಬಾರದಾ? ಇನ್ನೊಂದು ವಾರ ಇದೆ. ಕೆಲಸ ಗಟ್ಟಿಯಾಗಲಿ. ನೀನು ಬಾಯಿ ಮುಚ್ಕೊಂಡಿರು."

ಗಿರಾಕಿಯ ಮುಂದೆ ಸತ್ಯ ಹೇಳುವುದು ಸುಲಭ. ಇಲ್ಲಿ ಹೇಳಿದರೆ ಮಗಳು ಕೆಲಸ ಬಿಡುತ್ತಾಳೆ, ಹೇಳದಿದ್ದರೆ ಆ ಒಂದು ವಾರದಲ್ಲಿ ಏನಾದರೂ ಆಗಿಬಿಡುತ್ತದೆ. ಭಾವನ ಉಗುರುಗಳನ್ನು ನೋಡಿದೆ. ಅವೂ ನೀಲಿಯಾಗಿದ್ದವು. ಅವರ ಯಂತ್ರ ಹಾಕಿ, ಬಾಗಿಲು ತೆಗೆದು ಗುಬ್ಬಿಯನ್ನು ಕರೆದೆ.

"ದ್ರೋಹಿ," ಎಂದರು ಭಾವ.

ಗುಬ್ಬಿ ಅಂಕಿ ನೋಡಿದಳು, ಚೀಟಿ ನೋಡಿದಳು. ತಪ್ಪು ಹುಡುಕುವುದೇ ಕಸುಬಾದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೊರಗೆ ಹೋಗಿ, ಓಡುತ್ತಿದ್ದ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು.

"ಏಯ್, ಮಾಡಿದ್ದನ್ನ ಉಳಿಸ್ಕೊಂಡ್ಯೇನೇ?" ಎಂದು ಭಾವ ಕೂಗಿದರು.

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದಳು.

ತಪ್ಪು ನನ್ನದು ಎಂದು ಇಬ್ಬರಿಗೂ ಹೇಳಿದೆ. ಒಂದು ಹಗಲು ಒಂದು ರಾತ್ರಿ ಓಡಿಸಿದ್ದು ನನ್ನ ಅಂಗಡಿಯ ಗಟ್ಟಿ ವೈರಿನಲ್ಲಿ. ಈ ಮನೆಯ ಗೋಡೆಯಲ್ಲಿ ಒಂದು ಗಂಟೆಯೂ ಓಡಿಸಿ ನೋಡಿರಲಿಲ್ಲ. ಆಟ ಯಾವುದು, ಪರದೆ ಎಷ್ಟು ದೊಡ್ಡದು ಎಂದೆಲ್ಲ ಕೇಳಿದ್ದೆ. ಆ ಕರೆಂಟು ಲೈನಿನಲ್ಲಿ ಇನ್ನೇನಿದೆ ಎಂದು ಕೇಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರನ್ನೂ ಕೇಳಿಲ್ಲ.

ಅಂದೇ ಕಂಪ್ಯೂಟರಿಗೆ ಕಡಿವಾಣ ಹಾಕಿದೆ. ಅದು ಎಳೆಯುವ ಕರೆಂಟಿಗೆ ಮಿತಿ ಇಡಬಹುದು; ವೇಗ ಒಂದಿಷ್ಟು ತಗ್ಗುತ್ತದೆ, ಹೊರೆ ಬಹಳ ಇಳಿಯುತ್ತದೆ. ಅದೇ ಲೈನಿನಲ್ಲಿದ್ದ ಫ್ರಿಜ್ಜನ್ನು ಅಡುಗೆಮನೆಯ ಬೇರೆ ಲೈನಿಗೆ ಸರಿಸಿದೆ. ಎರಡೂ ಯಂತ್ರಗಳನ್ನು ಒಟ್ಟಿಗೆ ಮೂರು ಗಂಟೆ ಓಡಿಸಿ ಭಾವನ ಕಣ್ಣೆದುರೇ ತೋರಿಸಿದೆ. ಸ್ವಿಚ್ಚು ಬೀಳಲಿಲ್ಲ. ಪ್ರತ್ಯೇಕ ಲೈನು ಎಳೆಯಲು ಮನೆಯ ಮಾಲೀಕರು ಮುಂದಿನ ತಿಂಗಳು ನೋಡೋಣ ಎಂದರು. ಗುಬ್ಬಿಯ ಆಫೀಸಿನವರು ಗೊಣಗಿ, ಅಲ್ಲಿಯವರೆಗೆ ಕಡಿಮೆ ವೇಗವೇ ಆಗಲಿ ಎಂದರು.

ಸಂಜೆ ಅಕ್ಕ ಬಂದು ಎಲ್ಲ ಕೇಳಿ, ಗಂಡನ ಯಂತ್ರದ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಅದೇ ಅವರಿಗೆ ಹೆಚ್ಚು ತಾಗಿತು.

ಗುಬ್ಬಿ ಒಂದು ಕಟ್ಟಳೆ ಮಾಡಿದಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪನ ಯಂತ್ರದ ಅಂಕಿ ನೋಡುವುದು. ಹಿಂದಿನ ಬೆಳಗಿಗಿಂತ ಇಪ್ಪತ್ತು ಏರಿದ್ದರೆ ಕಂಪ್ಯೂಟರ್ ಹಾಕುವುದು. ಕಡಿಮೆಯಿದ್ದರೆ, ಎಷ್ಟು ಗಂಟೆ ಕಡಿಮೆಯೋ ಅಷ್ಟು ಹೊತ್ತು ಕಂಪ್ಯೂಟರ್ ಬಂದ್.

"ಮಗಳೋ ಪೊಲೀಸೋ?" ಎಂದರು ಭಾವ.

"ಕಳ್ಳ ಮನೇಲೇ ಇದ್ರೆ ಇನ್ನೇನು ಮಾಡ್ಲಿ?"

ಗುರುವಾರ ಹತ್ತೂವರೆಗೆ ಆ ಕಡೆ ಹೋದವನು ಮೆಟ್ಟಿಲು ಹತ್ತಿದೆ. ಕಂಪ್ಯೂಟರ್ ಸದ್ದಿಲ್ಲ. ನಡುವಿನ ಬಾಗಿಲು ಹಾರುಹೊಡೆದಿತ್ತು. ಗುಬ್ಬಿ ಅಪ್ಪನ ಮಂಚದ ಎದುರು ಕುರ್ಚಿ ಹಾಕಿಕೊಂಡು ಕೈಕಟ್ಟಿ ಕೂತಿದ್ದಳು. ಅವಳ ಮಡಿಲಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು.

"ಬಂದ್ಯಾ! ಇವಳಿಗೆ ನೀನಾದ್ರೂ ಬುದ್ಧಿ ಹೇಳು," ಎಂದರು ಭಾವ. "ಆಫೀಸಿನಿಂದ ಮೂರನೇ ಫೋನು. ಎತ್ತಲ್ಲ ಅಂತಾಳೆ."

"ಮೂರು ಗಂಟೆ ಕಡಿಮೆ ಇದೆ ಮಾಮ. ನಿನ್ನೆ ಮಧ್ಯಾಹ್ನ ನಾನು ದೊಡ್ಡ ಪರೀಕ್ಷೆ ನಡೆಸ್ತಿದ್ದಾಗ ಆರಿಸಿದ್ದಾರೆ."

"ಭಾವ, ಎರಡೂ ಒಟ್ಟಿಗೆ ನಡೆಯುತ್ತೆ ಅಂತ ತೋರಿಸಿದ್ನಲ್ಲ?"

"ತೋರಿಸ್ದೆ. ಅವತ್ತು ನಡೀತು." ಅವರು ಗೋಡೆಯ ಕಡೆ ನೋಡಿದರು. "ನಿನ್ನೆ ಅವಳದ್ದು ದೊಡ್ಡ ಪರೀಕ್ಷೆ. ಅಕಸ್ಮಾತ್ ಬಿದ್ದಿದ್ರೆ? ಯಾಕೆ ಸುಮ್ನೆ ಅಂತ ಅಷ್ಟೇ."

ನಾನು ಯಾವ ಅಳತೆ ತೋರಿಸಿದರೂ ಆ 'ಅಕಸ್ಮಾತ್' ಹೋಗುವುದಿಲ್ಲ ಎಂದು ಆಗ ಅರ್ಥವಾಯಿತು. ಗೋಡೆ ಒಡೆದು ಹೊಸ ಲೈನು ಎಳೆದರೂ ಅವರ ಬೆರಳು ಸ್ವಿಚ್ಚಿನ ಮೇಲೇ ಇರುತ್ತದೆ.

ಫೋನು ಮತ್ತೆ ಗುಂಯ್‌ಗುಟ್ಟಿತು. ಈ ಸಲ ಗುಬ್ಬಿ ಎತ್ತಿದಳು. ಅಪ್ಪನ ಮುಖ ನೋಡುತ್ತಲೇ ಮಾತಾಡಿದಳು.

"ಇವತ್ತು ಹನ್ನೆರಡಕ್ಕೆ ಶುರು ಮಾಡ್ತೀನಿ... ಇಲ್ಲ, ಕಂಪ್ಯೂಟರ್ ಚೆನ್ನಾಗಿದೆ, ಕರೆಂಟೂ ಇದೆ... ಗೊತ್ತು, ಎಲ್ಲರೂ ಕಾಯ್ತಿದಾರೆ ಅಂತ ಗೊತ್ತು... ನಾಳೇದು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೇಳ್ತೀನಿ. ಬೇರೆಯವರಿಗೆ ಕೊಡಬೇಕು ಅನ್ನಿಸಿದ್ರೆ ಕೊಡಿ."

ಫೋನು ಕೆಳಗಿಟ್ಟಳು. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಭಾವ ಜಾರಿದ್ದ ಕೊಳವೆಯನ್ನು ಎರಡೂ ಕೈಯಿಂದ ನಿಧಾನವಾಗಿ ಸರಿಮಾಡಿಕೊಂಡರು. ಯಂತ್ರ ಬುಸ್ ಎಂದು ಉಸಿರು ಬಿಡುತ್ತಾ, ಎಳೆಯುತ್ತಾ ಇತ್ತು. ನಾನು ಮಂಚದ ತುದಿಯಲ್ಲಿ ಕೂತೆ.

ಭಾವ ಕೇಳಿದರು: "ಹನ್ನೆರಡಾಗೋಕೆ ಇನ್ನೆಷ್ಟು ಹೊತ್ತು?"

"ಒಂದೂಕಾಲು ಗಂಟೆ," ಎಂದಳು ಗುಬ್ಬಿ. "ಮಾತಾಡದೆ ಉಸಿರು ಎಳ್ಕೋ ಅಪ್ಪ."